ಆಯುಷ್ಯ ಹೆಚ್ಚಾಯಿತು

ತಟ್ಟೆಯ ಮೇಲಿಟ್ಟ ಫೋನು ಮೊದಲು ಕಪ್ಪಾಯಿತು, ಆಮೇಲೆ ಸಣ್ಣಗೆ ನಡುಗಿತು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಎರಡು ಪದ ಮೂಡಿದವು: ‘ಆಯುಷ್ಯ ಹೆಚ್ಚಾಯಿತು.’ ಹೂವಿನ ಅಂಗಡಿಯ ಹೆಂಗಸು ತನ್ನ ಓಬೀರಾಯನ ಕಾಲದ ಫೋನನ್ನು ಎತ್ತಿಕೊಂಡು, ಮಗಳಿಗೊಂದು ಕರೆ ಮಾಡಿ ನೋಡಿ, ನಗುತ್ತ ಹೋದಳು.

೨೦೫೮ರ ಹೊತ್ತಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇದು ದಿನನಿತ್ಯದ ನೋಟ. ತಟ್ಟೆಯ ಹೆಸರು ‘ಮರುಹುಟ್ಟು’. ಕಂಡುಹಿಡಿದವಳು ಡಾಕ್ಟರ್ ಸಹನಾ ಮುಳಗುಂದ. ಹೆಸರಿಗೆ ಸಹನಾ, ಸಹನೆ ಮಾತ್ರ ಅವಳ ಮನೆ ಬಿಟ್ಟು ಹೋಗಿ ಮೂವತ್ತು ವರ್ಷವಾಗಿತ್ತು.

ಪ್ರತಿ ಫೋನಿನೊಳಗೂ ಎಲ್ಲವನ್ನೂ ನಡೆಸುವ ಒಬ್ಬ ಯಜಮಾನನಿರುತ್ತಾನೆ. ಅದೇ ಆಪರೇಟಿಂಗ್ ಸಿಸ್ಟಮ್. ಅದರಲ್ಲಿ ಕಳ್ಳರು ನುಗ್ಗುವ ತೂತುಗಳು ಕಾಣಿಸಿಕೊಂಡಂತೆಲ್ಲ ಕಂಪನಿಯವರು ಮುಚ್ಚುತ್ತಿರಬೇಕು. ಹೊಸ ಫೋನು ಮಾರಬೇಕೆನಿಸಿದಾಗ ಅವರು ಮುಚ್ಚುವುದನ್ನು ನಿಲ್ಲಿಸುತ್ತಾರೆ; ಬೇರೆಯವರೂ ಮುಚ್ಚದಂತೆ ಬೀಗ ಜಡಿದಿರುತ್ತಾರೆ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಅಂದಿನಿಂದ ಕಸ. ಬೇರೆ ಸಿಸ್ಟಮ್ ಹಾಕಿ ಹಳೆಯ ಫೋನುಗಳನ್ನು ಉಳಿಸುವ ಹವ್ಯಾಸಿಗಳು ಹಿಂದೆಯೂ ಇದ್ದರು. ಆದರೆ ಒಂದೊಂದು ಮಾದರಿಗೂ ತಿಂಗಳುಗಟ್ಟಲೆ ಹೆಣಗಬೇಕಿತ್ತು. ಸಹನಾಳ ತಟ್ಟೆ, ಫೋನು ಯಾವ ಕಂಪನಿಯದೇ ಇರಲಿ, ಒಳಗಿನ ಚಿಪ್‌ನ ಮಿಡಿತ ಆಲಿಸಿ ಬೀಗ ತೆಗೆದು ಹೊಸ ಯಜಮಾನನನ್ನು ಕೂರಿಸುತ್ತಿತ್ತು.

ಲೋಕೋಪಕಾರಕ್ಕೆ ಮಾಡಿದಳೆಂದು ಪತ್ರಿಕೆಗಳು ಬರೆದವು. ಶುದ್ಧ ಸುಳ್ಳು. ಅನಂತ ಎಂಬ ಫೋನ್ ಕಂಪನಿಯ ಮನೆ ಹಾಳಾಗಲಿ ಎಂದೇ ಮಾಡಿದ್ದಳು. ಆಯಿತು ಕೂಡ. ಹಳೆಯದೇ ನಡೆಯುವಾಗ ಹೊಸದನ್ನು ಕೊಳ್ಳುವವರು ಯಾರು? ಹಿಂದಿನ ವರ್ಷ ಅನಂತ ಬಾಗಿಲು ಹಾಕಿದ ದಿನ ಆಕೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದ್ದಳು.

ಕಾರಣ ಅವಳ ಅವ್ವ, ನೀಲವ್ವ. ಹೃದಯದ ರೋಗಿ. ಎದೆಗೆ ಅಂಟಿಸಿದ ಪಟ್ಟಿ ಬಡಿತ ಅಳೆದು ಅನಂತ ಫೋನಿಗೆ ಹೇಳುತ್ತಿತ್ತು, ಫೋನು ಆಸ್ಪತ್ರೆಗೆ ತಿಳಿಸುತ್ತಿತ್ತು. ಒಂದು ಬೆಳಿಗ್ಗೆ ಪರದೆಯ ಮೇಲೆ ‘ನಿಮ್ಮ ಆಯುಷ್ಯ ಮುಗಿದಿದೆ’ ಎಂದು ಬಂತು. ಮುಗಿದದ್ದು ಫೋನಿನದು; ಅಂದಿನಿಂದ ಅದು ಆಸ್ಪತ್ರೆಗೆ ಏನನ್ನೂ ತಿಳಿಸಲಿಲ್ಲ. ಆದರೆ ನೀಲವ್ವ ಅಕ್ಕಿ ತೀರಿದರೆ ‘ಹೆಚ್ಚಾಯಿತು’ ಅನ್ನುವವಳು. ದೀಪ ಆರಿಸು ಎನ್ನದೆ ‘ದೊಡ್ಡದು ಮಾಡು’ ಅನ್ನುವವಳು. ಅಂಥ ಅಪಶಕುನದ ಮಾತನ್ನು ಯಾರೂ ಸುಮ್ಮನೆ ಆಡಲಾರರು, ತನ್ನ ಎದೆ ನೋಡಿ ಡಾಕ್ಟರರೇ ಹೇಳಿಕಳಿಸಿದ್ದಾರೆ ಎಂದು ತಿಳಿದಳು. ನೋವು ಶುರುವಾದಾಗ ಯಾರನ್ನೂ ಕರೆಯಲಿಲ್ಲ. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಮಗಳ ಊಟ ಮುಚ್ಚಿಟ್ಟು ಮಲಗಿಬಿಟ್ಟಳು. ಕಾಲೇಜಿನಿಂದ ಬಂದ ಸಹನಾ ಆ ಊಟವನ್ನು ಮುಟ್ಟಲಿಲ್ಲ.

ಅಂದು ಹೂವಿನ ಹೆಂಗಸು ಹೋದ ಮೇಲೆ ಸಹನಾಳ ಅಂಗಡಿಯೊಳಗೆ ಬಂದವನು ಕೋಲೂರಿದ ಮುದುಕ. ತನ್ನ ಹೆಸರು ಅನಿಕೇತ ಪೋತದಾರ ಎಂದ. ಸಹನಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ನೀಲವ್ವ ಸತ್ತ ಕಾಲಕ್ಕೆ ಅನಂತದ ಮುಖ್ಯಸ್ಥನಾಗಿದ್ದವನು ಇವನೇ. ಅವಳು ಯಾರೆಂದು ಅವನಿಗೆ ತಿಳಿಯದು. ತನ್ನ ಎದೆಯೊಳಗೆ ಬಡಿತ ಕಾಯುವ ಯಂತ್ರ ಇಟ್ಟಿದ್ದಾರೆ, ಅದು ಈ ಅನಂತ ಫೋನಿನ ಮಾತನ್ನಷ್ಟೇ ಕೇಳುತ್ತದೆ, ಬದಲಿಸಲು ಈ ವಯಸ್ಸಿಗೆ ಆಪರೇಷನ್ ಆಗದು, ಈಗ ಫೋನೇ ನಿಲ್ಲುತ್ತಿದೆ ಎಂದು ವಿವರಿಸಿದ.

“ಪರದೆ ಮ್ಯಾಲೆ ಏನೈತಿ, ಓದ್ರಿ,” ಅಂದಳು.

“ಎಲ್ಲಾರಿಗೂ ಬರೋದೇ ಅದ ಬಿಡ್ರಿ.”

“ಓದ್ರಿ. ದನಿ ತಗದು.”

“ನಿಮ್ಮ ಆಯುಷ್ಯ ಮುಗಿದಿದೆ,” ಎಂದು ಓದಿದ. ಓದುವಾಗ ಅವನ ಕೈ ತಾನಾಗಿ ಎದೆಗೆ ಹೋಯಿತು.

ಸಹನಾ ಅವ್ವನ ಕತೆ ಹೇಳಿದಳು. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.

“ಮೊದಲ ‘ನಿಮ್ಮ ಸಾಧನದ’ ಅಂತ ಇತ್ತು,” ಅಂದ ಮುದುಕ. “ಒಂದು ಸಾಲಿನಾಗ ಹಿಡೀಲಿಲ್ಲ. ಆ ಪದ ತಗೀರಿ ಅಂತ ನಾನೇ ಹೇಳಿದ್ದೆ.”

ಜಾಗ ಸಾಲಲಿಲ್ಲವಂತೆ! ಮೂವತ್ತು ವರ್ಷ ಯಾವುದೋ ರಾಕ್ಷಸನನ್ನು ಕಲ್ಪಿಸಿಕೊಂಡು ಹಲ್ಲು ಕಡಿದವಳಿಗೆ ಈ ಉತ್ತರ ಕೇಳಿ ಮೈಯೆಲ್ಲ ಉರಿಯಿತು. ಅವನನ್ನು ಕೊಲ್ಲಲು ಅವಳು ಏನೂ ಮಾಡಬೇಕಿರಲಿಲ್ಲ. ತಟ್ಟೆಯ ಗುಂಡಿ ಒತ್ತದೆ ಕೂತರೆ ಸಾಕಿತ್ತು. ಕಂಪನಿ ಮಾಡಿದ್ದೂ ಅಷ್ಟೇ, ಸುಮ್ಮನೆ ಕೂತದ್ದು. ಆದರೆ ಸತ್ತವನಿಗೆ ಯಾವ ಶಿಕ್ಷೆ ತಟ್ಟೀತು?

ಫೋನನ್ನು ತಟ್ಟೆಯ ಮೇಲಿಟ್ಟಳು. ಅವನಿಗೆಂದೇ ಸಿಸ್ಟಮ್‌ನಲ್ಲಿ ಒಂದು ತಿದ್ದುಪಡಿ ಮಾಡಿದಳು. ಇನ್ನು ಮೇಲೆ ಪ್ರತಿ ಬೆಳಿಗ್ಗೆ ಫೋನು ಒಂದು ವಾಕ್ಯ ತೋರಿಸುತ್ತದೆ. ಅವನು ಅದನ್ನು ಬಾಯಿಬಿಟ್ಟು ಓದಿದ ಮೇಲೆಯೇ ಎದೆಯ ಯಂತ್ರದ ಜೊತೆ ಮಾತಾಡುತ್ತದೆ. ‘ಈ ದಿನ ನೀಲವ್ವ ಕೊಟ್ಟದ್ದು.’

“ದಿನಾ ಓದಬೇಕೇನ್ರಿ?”

“ಬದುಕಿರೋತನಕ.”

ತನ್ನ ಸೇಡಿನ ತೂಕ ಅವಳಿಗೆ ತಿಳಿದದ್ದು ಮುಂದಿನ ತಿಂಗಳು, ಹೊಸದೊಂದು ತೂತು ಕಂಡಾಗ. ಉಳಿದ ಫೋನುಗಳು ತಾವೇ ಮುಚ್ಚಿಕೊಂಡವು. ಪೋತದಾರನದು ಅವಳು ಕೈಯಾರೆ ತಿದ್ದಿದ ಸಿಸ್ಟಮ್. ಅದನ್ನು ಅವಳೇ ಕೂತು ಮುಚ್ಚಬೇಕು, ಇಲ್ಲವಾದರೆ ಯಾರೋ ಕಳ್ಳ ಅವನ ಎದೆಗೇ ಕೈಹಾಕಬಹುದು. ಸೇಡಿಗೂ ಅಪ್‌ಡೇಟ್ ಬೇಕಾಗುತ್ತದೆ! ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು ಕೆಲಸಕ್ಕೆ ಕೂತಳು. ಅಂದಿನಿಂದ ತಿಂಗಳು ತಪ್ಪಿಸಿಲ್ಲ. ಹೆತ್ತ ಅಪ್ಪನ ಎದೆಯನ್ನೂ ಯಾವ ಮಗಳೂ ಇಷ್ಟು ಕಾದಿರಲಾರಳು. ಕ್ಷಮಿಸಿದಳೆಂದು ಯಾರೂ ತಿಳಿಯಬೇಡಿ. ಅವನು ಸತ್ತರೆ ಪ್ರತಿ ಬೆಳಿಗ್ಗೆ ಅವ್ವನ ಹೆಸರು ಹೇಳಲು ಇನ್ನೊಂದು ಬಾಯಿಲ್ಲ, ಅಷ್ಟೇ.

ಇದೆಲ್ಲ ಆಗಲು ಇನ್ನೂ ಕಾಲವಿದೆ. ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ನೀಲವ್ವ ಬದುಕಿದ್ದಾಳೆ. ಹೊಸ ಅನಂತ ಫೋನು ಕೊಂಡು, ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದಾಳೆ. ದೂರದ ಯಾವುದೋ ಕಚೇರಿಯಲ್ಲಿ ಒಬ್ಬ, ಸಾಲು ಉದ್ದವಾಯಿತು, ಒಂದು ಪದ ತೆಗೆಯಿರಿ ಎಂದು ಹೇಳುತ್ತಿದ್ದಾನೆ.