ಖಾಲಿ ಬಿಟ್ಟ ಮೆಥಡ್

ಪಂಪ್ ನಿಲ್ಲುತ್ತಿಲ್ಲ!

ಸ್ಟಾಪ್ ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ನೋವಿನ ಔಷಧಿಯನ್ನು ರೋಗಿಯ ರಕ್ತಕ್ಕೆ ಹನಿಹನಿಯಾಗಿ ಬಿಡುವ ಯಂತ್ರ ಅದು. ಪುಣ್ಯಕ್ಕೆ ಲ್ಯಾಬಿನಲ್ಲಿ ರೋಗಿ ಇರಲಿಲ್ಲ, ಬರೀ ನೀರು. ಆದರೆ ನಾಲ್ಕು ಗಂಟೆಗೆ ಇದೇ ಕೋಡ್ ಆಸ್ಪತ್ರೆಗಳಿಗೆ ಹೋಗುತ್ತದೆ.

ಆಗ ಮೂರು ಹತ್ತು.

ಕೋಡಿನಲ್ಲಿ ತಪ್ಪು ಹಿಡಿಯುವುದೇ ನನ್ನ ಕಸುಬು ಸ್ವಾಮಿ. ಎಲ್ಲ ಪಂಪ್‌ಗಳಿಗೂ ಮೇಲೊಂದು ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್, ಅಂದರೆ ಕೋಡಿನ ಮೂಲ ಅಚ್ಚು, ಇದೆ. ತಾನು ಏನೂ ಮಾಡುವುದಿಲ್ಲ, ಬರೀ ಅಪ್ಪಣೆ ಕೊಡುತ್ತದೆ... ನನ್ನಿಂದ ಹುಟ್ಟಿದ ಪ್ರತಿ ಕ್ಲಾಸಿನಲ್ಲೂ ‘ಸ್ಟಾಪ್‌ಡೋಸ್’ ಎಂಬ ಮೆಥಡ್, ಅಂದರೆ ಔಷಧಿ ನಿಲ್ಲಿಸುವ ಕೋಡಿನ ತುಣುಕು, ಇರಲೇಬೇಕು ಎಂದು. ಹೊಸ ಪಂಪಿನ ಕ್ಲಾಸ್ ತೆಗೆದೆ. ಮೆಥಡ್ ಇತ್ತು. ಒಳಗೆ ಒಂದು ಸಾಲೂ ಇರಲಿಲ್ಲ! ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಹೆಸರಿದ್ದರೆ ಸಾಕು, ಒಳಗೇನಿದೆ ಎಂದು ಕೇಳುವುದಿಲ್ಲ.

ಬರೆದವಳು ರಚನಾ.

ನಾನು ಮದುವೆಯಾಗಬೇಕಿದ್ದ ರಚನಾ.

ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಅಮೆರಿಕದ ಈ ಮಾರಿಸ್‌ವಿಲ್‌ನಲ್ಲಿ ಎರಡು ರೆಡ್ ಲೈಟ್ ಹಾರಿಸಿಕೊಂಡು ಹೋದೆ. ಅವಳು ದಿನಾ ಊಟಕ್ಕೆ ಹೋಗುವ ಕ್ರಿಕೆಟ್ ಮೈದಾನದ ಪಾರ್ಕಿಂಗಿನಲ್ಲಿ ಸಿಕ್ಕಳು. ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಸುಮ್ಮನೆ ಕೂತಿದ್ದಳು. ವಿಷಯ ಹೇಳಿದೆ. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು.

“ಅದು ಬರ್ದಿದ್ದು ಅಪ್ಪ ಹೋದ ದಿನ, ಸಿದ್ದು. ಊರಿಗೆ ಹೋದ್ರೆ ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ಡೇಟ್ ಸಿಗ್ತಿರ್ಲಿಲ್ಲ. ವೀಡಿಯೋ ಕಾಲ್‌ನಲ್ಲಿ ಬೆಂಕಿ ಇಡೋದು ನೋಡ್ತಾ ಇದ್ದೆ. ಈ ಕಡೆ ಆ ಮೆಥಡ್ ಇಲ್ದೆ ಬಿಲ್ಡ್ ಫೇಲ್ ಆಗ್ತಿತ್ತು. ಖಾಲಿ ಮೆಥಡ್ ಹಾಕಿ, ನಾಳೆ ಬರೆಯೋಣ ಅಂದ್ಕೊಂಡೆ.”

ಅದನ್ನು ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟ ಅಯೋಗ್ಯ ಯಾರು ಎಂದು ರೇಗಿದೆ.

“ನೀನೇ ಕಣೋ. ನಾನು ‘ಸ್ಟಾಪ್’ ಅಂತಷ್ಟೇ ಹೆಸರಿಟ್ಟಿದ್ದೆ. ಏನನ್ನ ನಿಲ್ಲಿಸೋದು ಅಂತ ಹೆಸರಲ್ಲೇ ಗೊತ್ತಾಗ್ಬೇಕು ಅಂತ ನೀನು ನಾಲ್ಕು ಕಾಮೆಂಟ್ ಹಾಕ್ದೆ. ನಾನು ಎಲ್ಲಾ ಕ್ಲಾಸಲ್ಲೂ ಹೆಸರು ಬದಲಾಯಿಸ್ದೆ. ನೀನು ಓಕೆ ಒತ್ತಿದೆ.”

ನಿಜ... ಒಳಗೆ ನಾನು ನೋಡಿಯೇ ಇರಲಿಲ್ಲ.

ಮೂರು ನಲವತ್ತು. ರಿಲೀಸ್ ನಿಲ್ಲಿಸುವ ಅಧಿಕಾರ ಮ್ಯಾನೇಜರ್ ಕೃಷ್ಣಪ್ರಸಾದರಿಗೆ ಮಾತ್ರ. ಹೇಳಿದರೆ ಅವಳ ಕೆಲಸ ಹೋಗುತ್ತದೆ. ವೀಸಾದ ಮೇಲಿದ್ದವಳು ಅರವತ್ತು ದಿನದಲ್ಲಿ ದೇಶ ಬಿಡಬೇಕು. ಯಾರಿಗೂ ಹೆದರದ ನನಗೆ ಫೋನ್ ಎತ್ತುವ ಧೈರ್ಯ ಬರಲಿಲ್ಲ. ಅವಳೇ ಅದನ್ನು ಕಿತ್ತುಕೊಂಡು, ನಂಬರ್ ಒತ್ತಿ, ನನ್ನ ಕಿವಿಗಿಟ್ಟಳು.

“ಹೇಳು,” ಎಂದಳು.

ಹೇಳಿದೆ. ಇಬ್ಬರ ಹೆಸರನ್ನೂ ಹೇಳಿದೆ. ರಿಲೀಸ್ ನಿಂತಿತು. ಅವಳ ಕೆಲಸವೂ ಹೋಯಿತು.

ಏರ್‌ಪೋರ್ಟಿಗೆ ನಾನೇ ಬಿಡಲು ಹೋದೆ. ಮದುವೆಯಾಗೋಣ, ಇಲ್ಲೇ ಉಳಿ ಎಂದು ನಾಚಿಕೆ ಬಿಟ್ಟು ಬೇಡಿಕೊಂಡೆ. ಕಣ್ಣಲ್ಲಿ ನೀರಿತ್ತು, ಅವಳಿಗಲ್ಲ, ನನಗೆ.

“ಅಪ್ಪ ಹೋದ ದಿನ ನೀನು ನನಗೆ ಕಳ್ಸಿದ್ದು ಆ ನಾಲ್ಕು ಕಾಮೆಂಟ್ ಮಾತ್ರ, ಸಿದ್ದು.”

ಅಷ್ಟೇ ಹೇಳಿ ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ನನಗೇನು ಶಿಕ್ಷೆ ಎಂದು ಕೇಳಿದೆ. ಹೆಸರಷ್ಟೇ ನೋಡಿ ಓಕೆ ಒತ್ತುವುದು ಎಲ್ಲರೂ ಮಾಡುವುದೇ ಬಿಡಿ ಎಂದು ಕೃಷ್ಣಪ್ರಸಾದರು ನಕ್ಕರು.

ತಪ್ಪು ಹಿಡಿದದ್ದಕ್ಕೆ ಪ್ರಮೋಷನ್ ಕೊಟ್ಟರು.