ಅಳೆಯದೆ ಬಿಟ್ಟ ಎಡಗಾಲು

ಇದು ತೊಂಬತ್ತೊಂದರ ಮೇ ತಿಂಗಳಲ್ಲಿ ನಿಪ್ಪಾಣಿಯಲ್ಲಿ ನಡೆದದ್ದು. ತಂಬಾಕಿನ ವಖಾರದಲ್ಲಿ ದಿನವಿಡೀ ನಿಂತು ದುಡಿಯುವ ಹೆಂಗಸರ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಬಗ್ಗೆ ಸರ್ಜನ್ ಒಬ್ಬರು ಸಂಶೋಧನೆ ಮಾಡುತ್ತಿದ್ದರು. ನಾನು ಅವರ ನರ್ಸ್. ನಾಚುವ ಹೆಂಗಸರು ಪರದೆಯ ಆಚೆ ಕೂತು ಒಂದೊಂದೇ ಕಾಲನ್ನು ಈಚೆ ಚಾಚುತ್ತಿದ್ದರು. ನಾನು ಮೀನಖಂಡದ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಹೇಳಿದರೆ ಡಾಕ್ಟರ್ ಬರೆದುಕೊಳ್ಳುತ್ತಿದ್ದರು. ಒಂದು ಕಾಲು ಇನ್ನೊಂದಕ್ಕಿಂತ ಊದಿದ್ದರೆ ಅದರಲ್ಲಿ ಹೆಪ್ಪಿರಬಹುದೆಂದು ಲೆಕ್ಕ.

ಅಂದು ಮಗಳಿಗೆ ಜ್ವರ, ಮನೆಗೆ ಓಡುವ ಅವಸರ. ಸಕ್ಕುಬಾಯಿಯ ಬಲಗಾಲಷ್ಟೇ ಅಳೆದು, ಎಡಗಾಲಿಗೂ ಅದೇ ಮೂವತ್ತನಾಲ್ಕರ ಅಳತೆ ಹೇಳಿಬಿಟ್ಟೆ.

"ಅಕ್ಕಾರ, ಎಡಗಾಲ ಭಾಳ ಬಿಗದೈತ್ರಿ," ಎಂದಳು.

"ದಿನಾ ನಿಂತರ ಬಿಗೀತೈತಿ, ಹೋಗವಾ."

ಹೆಪ್ಪು ಇದ್ದದ್ದು ಎಡಗಾಲಲ್ಲಿ. ನಾಲ್ಕನೇ ದಿನ ಅದು ಶ್ವಾಸಕೋಶಕ್ಕೇರಿ ಅವಳು ತೀರಿಕೊಂಡಳು. ನಾನು ಬಾಯಿ ಬಿಡಲಿಲ್ಲ.

ಮುಂದಿನ ವಾರ ಮಧ್ಯಾಹ್ನ, ಎಲ್ಲರ ಅಳತೆಯೂ ಮುಗಿಯಿತೆಂದು ಟೇಪು ಸುತ್ತುವಾಗ ಪರದೆಯಡಿಯಿಂದ ಒಂದು ಎಡಗಾಲು ಬಂತು. ತಂಬಾಕಿನ ಘಾಟು. ಆ ಬಿಸಿಲಲ್ಲೂ ಚರ್ಮ ನೀರಿನ ಹರವಿಯ ತಳದಂತೆ ತಣ್ಣಗಿತ್ತು. ಬೆರಳೊತ್ತಿದ ಗುಳಿ ಮೇಲೇಳಲೇ ಇಲ್ಲ.

"ನಲವತ್ತೊಂದು," ಎಂದೆ.

"ಬಲಗಾಲು?" ಡಾಕ್ಟರ್ ತಲೆಯೆತ್ತದೆ ಕೇಳಿದರು.

ಪರದೆಯ ಆಚೆಯಿಂದ ಉತ್ತರ ಬಂತು: "ಅದನ್ನ ಹೋದ ವಾರನ ಅಳದಾರಲ್ರಿ, ಅಕ್ಕಾರು."

ಡಾಕ್ಟರ್ "ಹೂಂ" ಎಂದು ಬರೆದುಕೊಂಡರು. ಆ ಹಾಳೆಯಲ್ಲಿ ಅವರ ಕೈಬರಹದ ನಲವತ್ತೊಂದು ಇವತ್ತಿಗೂ ಇದೆ. ಹೆಸರಿನ ಜಾಗ ಖಾಲಿ.