ತುದಿಗುಂಡಿಯ ಐದು ಹುಳ

ಬೆಟ್ಟದ ಬುಡದಿಂದ ನೆತ್ತಿಯವರೆಗೆ ಏಳು ಕೆಂಪು ಬಾವುಟ. ಒಂದೊಂದರ ಪಕ್ಕದಲ್ಲೂ ಮೊಳದುದ್ದದ ಗುಂಡಿ ತೋಡಿ, ಸಾಸಿವೆ ಪುಡಿ ಕದಡಿದ ನೀರು ಹೊಯ್ಯಬೇಕು. ಖಾರ ತಾಳದೆ ಎರೆಹುಳ ಮೇಲೇಳುತ್ತವೆ. ತೋಡುವುದು ಗುದ್ದಲಿಯವನ ಕೆಲಸ, ಎಣಿಸುವುದು ವರ್ಷಕ್ಕೊಮ್ಮೆ ಅಧ್ಯಯನಕ್ಕೆ ಬರುವ ಹುಳದ ಮೇಡಂ ಕೆಲಸ.

ಎತ್ತರಕ್ಕೆ ಹೋದಷ್ಟೂ ಹುಳ ಕಡಿಮೆ. ಹಿಂದಿನ ಎರಡು ವರ್ಷವೂ ತುದಿಗುಂಡಿಯಲ್ಲಿ ಸೊನ್ನೆ. ಈ ಸಲವೂ ಸೊನ್ನೆಯಾದರೆ ಅಧ್ಯಯನ ಮುಗಿಯಿತು, ಮತ್ತೆ ಬರುವುದಿಲ್ಲ ಎಂದು ಮೇಡಂ ಹೇಳಿದ್ದಳು.

"ಏನೋ ಮೈದುನ, ಹುಳ ಹಿಡಿಯೋಕೆ ಹೋಗೋನಿಗೆ ಗಡ್ಡ ಬೋಳಿಸೋ ಉಸಾಬರಿ ಯಾಕೋ?" ಅತ್ತಿಗೆ ಅಂದು ಬೆಳಿಗ್ಗೆ ಕಾಲೆಳೆದಳು. ಗುದ್ದಲಿಯವನು ಒಂದು ಡಬ್ಬಿಯನ್ನು ಚೀಲಕ್ಕಿಳಿಸಿದ.

ತುದಿಯಲ್ಲಿ ಮೇಡಂ ಸಾಸಿವೆ ಕದಡುವಷ್ಟರಲ್ಲಿ ಆ ಡಬ್ಬಿ ಗುಂಡಿಯೊಳಗೆ ಬರಿದಾಗಿತ್ತು. ನೀರು ಹೊಯ್ದಳು. ಐದು ಹುಳ ಎದ್ದವು.

ಅವಳ ಕಣ್ಣರಳಿತು. ಒಂದನ್ನು ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಅವನ ನುಣುಪಾದ ಗಲ್ಲವನ್ನೂ ನೋಡಿದಳು.

"ಇವು ಕೆಳಗಿನ ಕಾಡಿನ ತರಗೆಲೇಲಿ ಇರೋ ಹುಳ. ಈ ಕಲ್ಲುನೆಲ, ಈ ಚಳೀಲಿ ವಾರ ಕೂಡ ಬದುಕಲ್ಲ. ಹೇಗೆ ಬಂದ್ವು?"

"ತೆವಳ್ಕೊಂಡು ಬಂದಿರ್ಬೇಕು."

"ನಿಮ್ಮ ಚೀಲದಲ್ಲಿ ಕೂತ್ಕೊಂಡಾ?"

ಅವನು ತಲೆ ತಗ್ಗಿಸಿದ. "ಸೊನ್ನೆ ಬಂದ್ರೆ ನೀವು ಬರಲ್ಲ ಅಂದ್ರಿ."

ಅವಳು ಪುಸ್ತಕದಲ್ಲಿ ಸೊನ್ನೆಯನ್ನೇ ಬರೆದಳು. ಹುಳಗಳನ್ನು ತೊಳೆದು ಡಬ್ಬಿಗೆ ಹಾಕಿದಳು.

"ನಿಜವಾದ್ದು ಬೇಕಿದ್ರೆ ಇಲ್ಲೇ ಬಂಡೆ ಹಿಂದಿರೋ ಒರತೆ ಹತ್ರ ಅಗೀಬೇಕಿತ್ತು," ಅವನು ಗುದ್ದಲಿಗೆ ಹೇಳುವ ಹಾಗೆ ಹೇಳಿದ. "ಕಪ್ಪು ಮಣ್ಣು, ಯಾವಾಗ್ಲೂ ತೇವ. ಅಲ್ಲಿರೋದು ಬೇರೆ ಜಾತಿ. ಸಣ್ಣವು, ನೇರಳೆ ಬಣ್ಣ."

"ಇಷ್ಟು ಎತ್ತರದಲ್ಲಾ? ಮೂರು ವರ್ಷದಿಂದ ಗೊತ್ತಿತ್ತಾ ನಿಮಗೆ?"

"ಬಾವುಟ ಇರೋ ಕಡೆ ಬಿಟ್ಟು ಬೇರೆಲ್ಲೂ ಅಗೀಬೇಡಿ ಅಂತ ನೀವೇ ಹೇಳಿದ್ರಲ್ಲ ಮೇಡಂ."

ಅವಳು ಬಂಡೆಯ ಮೇಲೆ ಕುಳಿತು ಸುಮ್ಮನೆ ನಕ್ಕಳು. "ಎತ್ತರ ಅಳೀತಾ ಕೂತೆ, ನೆಲ ನೋಡ್ಲೇ ಇಲ್ಲ." ಎದ್ದು ಬಾವುಟ ಕಿತ್ತು ಅವನ ಕೈಗೆ ಕೊಟ್ಟಳು. "ಇನ್ಮೇಲೆ ಎಲ್ಲಿ ನೆಡ್ಬೇಕು ಅಂತ ನೀವೇ ಹೇಳಿ."

"ಹಾಗಾದ್ರೆ ಕೆಲಸ ಮುಗೀಲಿಲ್ವಾ?"

"ಇನ್ನೆರಡು ವರ್ಷ ಆಗುತ್ತೆ. ಅದಾದ್ಮೇಲೆ ಹುಳದ ನೆಪ ಬೇಡ. ಬಾ ಅಂತ ಬಾಯ್ಬಿಟ್ಟು ಹೇಳಿ, ಬರ್ತೀನಿ."

ಅವನು ಎರಡು ವರ್ಷ ಕಾಯಲಿಲ್ಲ. ಇಳಿಯುವಾಗ, ಎರಡನೇ ಬಾವುಟದ ಬಳಿಯ ತರಗೆಲೆಯಲ್ಲಿ ಐದು ಹುಳವನ್ನೂ ಬಿಟ್ಟು ಕೈ ಒರೆಸಿಕೊಳ್ಳುತ್ತ, ಅಲ್ಲೇ ಹೇಳಿದ.